ಕೋಚ್ ಹೇಳಿದ ಮಾತು, ಶಾಲೆ ಬರೆದ ಪತ್ರ

2023ರ ಅಕ್ಟೋಬರ್‌ನ ಒಂದು ಶನಿವಾರ, ಆಗ ಎಂಟನೆಯ ತರಗತಿಯಲ್ಲಿದ್ದ ಮಗಳನ್ನು ಕರೆದುಕೊಂಡು ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಖಾಸಗಿ ಹೈಸ್ಕೂಲೊಂದರ (ಇಲ್ಲಿ ಹೈಸ್ಕೂಲ್ ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿ) ಓಪನ್ ಹೌಸ್‌ಗೆ ಹೋಗಿದ್ದೆವು. ಪ್ರಯೋಗಾಲಯ, ಗ್ರಂಥಾಲಯ, ಸಂಗೀತದ ಕೊಠಡಿಗಳನ್ನೆಲ್ಲ ನೋಡಿ ಮುಗಿಸಿ ಕೊನೆಗೆ ಜಿಮ್‌ನೊಳಗೆ ಕಾಲಿಟ್ಟಾಗ, ಬಾಗಿಲಲ್ಲೇ ನಿಂತಿದ್ದ ವಾಲಿಬಾಲ್ ಕೋಚ್ ಅವಳ ಅಂಗಿಗೆ ಅಂಟಿಸಿದ್ದ ಹೆಸರಿನ ಚೀಟಿಯನ್ನು ಓದಿ, "ಆ ಎಡಗೈ ಸೆಟರ್ ನೀನೇ ಅಲ್ಲವೇ?" ಎಂದು ಕೇಳಿದರು. ಸೆಟರ್ ಎಂದರೆ ಹೊಡೆಯುವವರಿಗೆ ಚೆಂಡನ್ನು ಎತ್ತಿಕೊಡುವ ಆಟಗಾರ್ತಿ. ಶಾಲೆಯ ಹೊರಗಿನ ಯಾವುದೋ ಕ್ಲಬ್ ಟೂರ್ನಿಯಲ್ಲಿ ಅವಳ ಆಟವನ್ನು ಅವರು ನೋಡಿದ್ದರಂತೆ. ನಿನ್ನಂಥ ಸೆಟರ್‌ಗಾಗಿ ಎರಡು ವರ್ಷದಿಂದ ಕಾಯುತ್ತಿದ್ದೇನೆ, ನೀನು ಇಲ್ಲಿಗೆ ಬಂದರೆ ನನಗೆ ತುಂಬ ಸಂತೋಷ ಎಂದರು. ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ಕಾರಿನಲ್ಲಿ ಯಾರೂ ಆ ಶಾಲೆಯ ಪಾಠಗಳ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಪ್ರವೇಶ ಸಿಕ್ಕೇ ಸಿಗುತ್ತದೆ, ಶುಲ್ಕದಲ್ಲೂ ಒಂದಿಷ್ಟು ರಿಯಾಯಿತಿ ದೊರೆತರೆ ಆಶ್ಚರ್ಯವಿಲ್ಲ ಎಂದು ನಾವಿಬ್ಬರೂ ಒಳಗೊಳಗೇ ಲೆಕ್ಕ ಹಾಕಿಬಿಟ್ಟಿದ್ದೆವು. 2024ರ ಮಾರ್ಚ್ ಮಧ್ಯದಲ್ಲಿ ಅದೇ ಶಾಲೆಯಿಂದ ಬಂದ ಪತ್ರದಲ್ಲಿ, ಮಗಳ ಹೆಸರು ವೇಟ್‌ಲಿಸ್ಟ್‌ನಲ್ಲಿದೆ ಎಂದು ಬರೆದಿತ್ತು.

ಆ ಐದು ತಿಂಗಳಲ್ಲಿ ನಾವು ಕಲಿತದ್ದನ್ನು ಈಗ ಬರೆದಿಡುತ್ತಿದ್ದೇನೆ, ಏಕೆಂದರೆ ನಮ್ಮ ಪರಿಚಯದ ಹಲವು ಕುಟುಂಬಗಳು ಈ ವರ್ಷ ಅಂಥದೇ ಜಿಮ್ ಬಾಗಿಲುಗಳಲ್ಲಿ ನಿಂತಿವೆ. ಕೋಚ್ ನಮಗೆ ಸುಳ್ಳು ಹೇಳಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅವರು ತಮ್ಮ ಇಷ್ಟವನ್ನು ಹೇಳಿಕೊಂಡರು, ನಾವು ಅದನ್ನು ಶಾಲೆಯ ಭರವಸೆಯೆಂದು ಕೇಳಿಸಿಕೊಂಡೆವು. ಕೋಚ್‌ನ ಮಾತು ಬೇರೆ, ಶಾಲೆಯ ಮಾತು ಬೇರೆ ಎಂಬ ಒಂದು ಸಂಗತಿ ಅಂದು ತಿಳಿದಿದ್ದರೆ, ಮಗಳು ಮಾರ್ಚ್‌ನಲ್ಲಿ ಅಷ್ಟು ಅಳಬೇಕಾಗಿ ಬರುತ್ತಿರಲಿಲ್ಲ.

ಈ ವಿಷಯದಲ್ಲಿ ಮೊದಲ ಗೊಂದಲ ಹುಟ್ಟುವುದೇ 'ರಿಕ್ರೂಟಿಂಗ್' ಎಂಬ ಶಬ್ದದಿಂದ. ಅಮೆರಿಕದ ಕಾಲೇಜುಗಳು ಆಟಗಾರರನ್ನು ಬಹಿರಂಗವಾಗಿಯೇ ಹುಡುಕಿ, ಕರೆದು, ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಳ್ಳುತ್ತವೆ, ಅದಕ್ಕೆ ನಿಯಮಗಳೂ ವೇಳಾಪಟ್ಟಿಯೂ ಇವೆ. ಹೈಸ್ಕೂಲ್ ಮಟ್ಟದಲ್ಲಿ ಹಾಗಲ್ಲ. ಹೈಸ್ಕೂಲ್ ಕ್ರೀಡೆಯನ್ನು ಆಯಾ ರಾಜ್ಯದ ಸಂಘ ನಡೆಸುತ್ತದೆ, ಮತ್ತು ಆಟದ ಆಸೆ ತೋರಿಸಿ ಮಕ್ಕಳನ್ನು ಶಾಲೆಗೆ ಸೆಳೆಯುವುದನ್ನು ಈ ಸಂಘಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಈ ಹೊಣೆ 1914ರಲ್ಲಿ ಆರಂಭವಾದ ಸಿಐಎಫ್ (ಕ್ಯಾಲಿಫೋರ್ನಿಯಾ ಇಂಟರ್‌ಸ್ಕೊಲಾಸ್ಟಿಕ್ ಫೆಡರೇಷನ್) ಸಂಸ್ಥೆಯದು, ರಾಜ್ಯವನ್ನು ಅದು 10 ವಿಭಾಗಗಳಾಗಿ ಹಂಚಿಕೊಂಡಿದೆ, ಸರ್ಕಾರಿ ಮತ್ತು ಖಾಸಗಿ ಶಾಲೆಗಳೆರಡೂ ಅದರ ಅಡಿಯಲ್ಲೇ ಆಡುತ್ತವೆ. ಅದರ 510ನೆಯ ನಿಯಮ 'ಅನುಚಿತ ಪ್ರಭಾವ'ದ ಕುರಿತಾದದ್ದು. ಕೋಚ್ ಆಗಲಿ, ಹಳೆಯ ವಿದ್ಯಾರ್ಥಿಗಳಾಗಲಿ, ತಂಡದ ಬೇರೊಬ್ಬ ಆಟಗಾರನ ತಂದೆತಾಯಿಯಾಗಲಿ, ಶಾಲೆಗೆ ಸಂಬಂಧಪಟ್ಟ ಯಾರೇ ಆಗಲಿ ಆಟಕ್ಕಾಗಿ ಮಗುವನ್ನು ಸೆಳೆದುಕೊಂಡರೆ ಅದು ಉಲ್ಲಂಘನೆ. ಈ ನಿಯಮವನ್ನು ಓದುವಾಗ ನಾನು ತಡೆದು ನಿಂತ ಜಾಗ ಒಂದಿದೆ: ತಪ್ಪು ದೊಡ್ಡವರದಾದರೂ, ಆಡುವ ಅರ್ಹತೆಯನ್ನು ಕಳೆದುಕೊಳ್ಳುವ ಅಪಾಯ ಮಗುವಿಗೂ ಇದೆ.

ನಮ್ಮ ಕಡೆಯ ವಾಲಿಬಾಲ್‌ನಲ್ಲಿ ಇದು ಇನ್ನಷ್ಟು ಸೂಕ್ಷ್ಮ, ಏಕೆಂದರೆ ಕ್ಲಬ್ ತಂಡಗಳಿಗೆ ತರಬೇತಿ ಕೊಡುವ ಎಷ್ಟೋ ಮಂದಿ ಸಂಜೆಯ ಹೊತ್ತು ಯಾವುದಾದರೊಂದು ಹೈಸ್ಕೂಲಿನಲ್ಲೂ ಕೋಚ್ ಆಗಿರುತ್ತಾರೆ. ಒಂಬತ್ತನೆಯ ತರಗತಿಗೆ ಮೊದಲ ಬಾರಿ ಸೇರುವ ಮಗುವಿಗೆ ಯಾವ ಶಾಲೆಗೆ ಹೋದರೂ ವಾಸಸ್ಥಳದ ತೊಡಕಿಲ್ಲ, ಅಲ್ಲಿ ಅದಕ್ಕೆ ಅರ್ಹತೆ ತಾನಾಗಿ ದೊರೆಯುತ್ತದೆ. ಆದರೆ ಒಂದು ಶಾಲೆಯಲ್ಲಿ ಆಡಿದ ಮೇಲೆ, ಕ್ಲಬ್‌ನ ಕೋಚ್ ಇರುವ ಮತ್ತೊಂದು ಶಾಲೆಗೆ ಜಿಗಿದರೆ, ಸಂಘ ಅದನ್ನು ಸಂಶಯದಿಂದಲೇ ನೋಡುತ್ತದೆ. ಶಾಲೆ ಬದಲಿಸುವವರು ದಾಖಲಾತಿಗೆ ಮುಂಚೆ ಯಾರು ಯಾರೊಡನೆ ಮಾತನಾಡಿದರು ಎಂಬುದನ್ನು ಬರೆದು ಸಹಿ ಮಾಡಿಕೊಡಬೇಕಾಗುತ್ತದೆ, ಮತ್ತು ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ 24 ತಿಂಗಳವರೆಗೂ ಆಟದಿಂದ ದೂರ ಇಡುವ ಅಧಿಕಾರ ಸಿಐಎಫ್‌ಗೆ ಇದೆ. ಹೈಸ್ಕೂಲ್ ಎಂದರೆ ನಾಲ್ಕೇ ವರ್ಷ. ಅದರಲ್ಲಿ ಎರಡು ಹೋದರೆ ಉಳಿಯುವುದೇನು?

ಇಷ್ಟು ಕಟ್ಟುನಿಟ್ಟು ಏಕೆ ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಎರಡು ಬಾರಿ ಹೋದ ಒಂದು ಪತ್ರದ ಕಥೆ. 1997ರ ವಸಂತದಲ್ಲಿ ಟೆನೆಸೀ ರಾಜ್ಯದ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯ ಫುಟ್‌ಬಾಲ್ ಕೋಚ್, ಎಂಟನೆಯ ತರಗತಿಯ ಕೆಲವು ಹುಡುಗರಿಗೆ ವಸಂತ ಋತುವಿನ ಅಭ್ಯಾಸಕ್ಕೆ ಬನ್ನಿ ಎಂದು ಕಾಗದ ಬರೆದರು. ಆ ಹುಡುಗರೆಲ್ಲ ಮುಂದಿನ ವರ್ಷಕ್ಕೆ ಅದೇ ಶಾಲೆಗೆ ಸೇರುವ ಒಪ್ಪಂದಕ್ಕೆ ಆಗಲೇ ಸಹಿ ಹಾಕಿದ್ದರು. ಕಾಗದದ ಕೊನೆಯಲ್ಲಿ 'ನಿಮ್ಮ ಕೋಚ್' ಎಂದು ಸಹಿಯಿತ್ತು. ಆದರೆ ರಾಜ್ಯದ ಸಂಘದ ಲೆಕ್ಕದಲ್ಲಿ, ತರಗತಿಗೆ ಹಾಜರಾಗುವವರೆಗೂ ಅವರು ಆ ಶಾಲೆಯ ವಿದ್ಯಾರ್ಥಿಗಳಲ್ಲ. ಶಾಲೆಗೆ 3,000 ಡಾಲರ್ ದಂಡ ಬಿತ್ತು, ಅದರ ಕ್ರೀಡಾ ವಿಭಾಗವನ್ನು ನಾಲ್ಕು ವರ್ಷ ನಿಗಾದಲ್ಲಿ ಇರಿಸಲಾಯಿತು, ಫುಟ್‌ಬಾಲ್ ಮತ್ತು ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಎರಡು ವರ್ಷ ಪ್ಲೇಆಫ್‌ನಿಂದ ಹೊರಗಿಡಲಾಯಿತು. ಶಾಲೆ ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ನ್ಯಾಯಾಲಯಕ್ಕೆ ಹೋಯಿತು. 2001ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ಇಂಥ ಸಂಘವನ್ನು ಸರ್ಕಾರದ ಅಂಗದಂತೆಯೇ ಪ್ರಶ್ನಿಸಬಹುದು ಎಂದು ಶಾಲೆಯ ಪರವಾಗಿ ಹೇಳಿತು. 2007ರಲ್ಲಿ ಪ್ರಕರಣ ಮತ್ತೆ ಬಂದಾಗ ಫಲಿತಾಂಶ ಸಂಘದ ಪರವಾಯಿತು. ಮಾಧ್ಯಮಿಕ ಶಾಲೆಯ ಮಕ್ಕಳ ಮೇಲೆ ಕೋಚ್‌ಗಳು ಒತ್ತಾಯದ ಮಾತುಗಳನ್ನು ಪ್ರಯೋಗಿಸಿದರೆ ಅದು ಶೋಷಣೆಗೆ ದಾರಿಯಾಗುತ್ತದೆ, ಓದಿಗಿಂತ ಆಟಕ್ಕೇ ಹೆಚ್ಚು ಬೆಲೆ ಬರುತ್ತದೆ ಎಂಬರ್ಥದ ವಿವರಣೆಯನ್ನು ತೀರ್ಪು ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಕೊಟ್ಟರು.

ಈ ಕಥೆಯನ್ನು ಓದಿದ ಮೇಲೆ ನನಗೆ ಕೋಚ್‌ಗಳ ಮೌನದ ಅರ್ಥ ತಿಳಿಯಿತು. ನಾವು ನೋಡಿದ ಇನ್ನೊಂದು ಶಾಲೆಯ ಕೋಚ್ ಮಗಳ ಇ-ಮೇಲ್‌ಗೆ, ಪ್ರವೇಶಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಪ್ರವೇಶ ಕಚೇರಿಗೆ ಕಳಿಸು ಎಂಬ ಒಂದೇ ಸಾಲಿನ ಉತ್ತರ ಬರೆದಿದ್ದರು. ಆಗ ನಮಗೆ ಅದು ತಾತ್ಸಾರವೆನಿಸಿತ್ತು. ಈಗ ಯೋಚಿಸಿದರೆ, ಆ ಒಂದು ಸಾಲಿನಲ್ಲಿ ಅವರು ಮಗಳನ್ನೂ ತಮ್ಮ ಶಾಲೆಯನ್ನೂ ಕಾಪಾಡಿದ್ದರು ಎನಿಸುತ್ತದೆ.

ಹಾಗಾದರೆ ಕೋಚ್‌ನ ಮಾತಿಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಎಷ್ಟು ಎಂಬುದು ಶಾಲೆಯಿಂದ ಶಾಲೆಗೆ ಬೇರೆ. ಅರ್ಜಿ ಹಾಕಿದವರಲ್ಲಿ ತಮಗೆ ಆಸಕ್ತಿಯಿರುವವರ ಹೆಸರನ್ನು ಕೋಚ್ ಪ್ರವೇಶ ಕಚೇರಿಗೆ ತಿಳಿಸುವ ರೂಢಿ ಕೆಲವೆಡೆ ಇದೆ. ಆದರೆ ಆ ಹೆಸರು ಕಚೇರಿಯ ಮೇಜಿನ ಮೇಲೆ ಒಂದೇ ಆಗಿ ಕೂತಿರುವುದಿಲ್ಲ. ಅಲ್ಲಿ ಏಳು ಮತ್ತು ಎಂಟನೆಯ ತರಗತಿಯ ಅಂಕಗಳಿರುತ್ತವೆ, ಶಿಕ್ಷಕರ ಶಿಫಾರಸು ಪತ್ರಗಳು, ಸಂದರ್ಶನದ ಟಿಪ್ಪಣಿ, ಮಗುವೂ ತಂದೆತಾಯಿಯೂ ಬರೆದ ಪ್ರಬಂಧಗಳಿರುತ್ತವೆ. ಪ್ರವೇಶ ಪರೀಕ್ಷೆಗಳಾದ ಐಎಸ್‌ಇಇ ಅಥವಾ ಎಸ್‌ಎಸ್‌ಎಟಿ, ಕ್ಯಾಥೊಲಿಕ್ ಶಾಲೆಯಾದರೆ ಬಹುಮಟ್ಟಿಗೆ ಎಚ್‌ಎಸ್‌ಪಿಟಿ ಪರೀಕ್ಷೆಯ ಫಲಿತಾಂಶವಿರುತ್ತದೆ. ಇವುಗಳ ಜೊತೆಗೆ ಅದೇ ವರ್ಷ ಬ್ಯಾಂಡ್‌ಗೆ ಓಬೋ ನುಡಿಸುವವರು ಬೇಕಾಗಿರಬಹುದು, ಹಿರಿಯ ವಿದ್ಯಾರ್ಥಿಗಳ ತಮ್ಮ ತಂಗಿಯರು ಹೆಚ್ಚು ಮಂದಿ ಅರ್ಜಿ ಹಾಕಿರಬಹುದು. ನಮ್ಮ ಮಗಳ ವರ್ಷ ಏನಾಯಿತೋ ನಮಗೆ ಯಾರೂ ಹೇಳಲಿಲ್ಲ, ಹೇಳುವುದೂ ಇಲ್ಲ. ಈಗಿನ ತಿಳಿವಳಿಕೆ ಅಂದು ಇದ್ದಿದ್ದರೆ ನಾನು ಡಿಸೆಂಬರ್‌ನಲ್ಲೇ ಪ್ರವೇಶ ಕಚೇರಿಗೆ ಫೋನ್ ಮಾಡಿ, "ಕೋಚ್ ಆಸಕ್ತಿ ತೋರಿಸಿದ್ದಾರೆ, ಪ್ರವೇಶದ ತೀರ್ಮಾನದಲ್ಲಿ ಅದಕ್ಕೆ ಏನಾದರೂ ಸ್ಥಾನವಿದೆಯೇ?" ಎಂದು ನೇರವಾಗಿ ಕೇಳುತ್ತಿದ್ದೆ. ಕೇಳಲು ಸಂಕೋಚವಾಗುತ್ತದೆ, ನಿಜ. ಆದರೆ ಅದು ಅವರಿಗೆ ಹೊಸ ಪ್ರಶ್ನೆಯಲ್ಲ, ಅವರ ಬಳಿ ಅದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಹಣದ ವಿಚಾರದಲ್ಲಿ ನಮಗಿದ್ದ ತಪ್ಪು ಕಲ್ಪನೆ ಇನ್ನೂ ದೊಡ್ಡದು. ಚೆನ್ನಾಗಿ ಆಡುವ ಮಗುವಿಗೆ ಹೈಸ್ಕೂಲಿನಲ್ಲೇ ಸ್ಕಾಲರ್‌ಶಿಪ್ ಸಿಗುತ್ತದೆ ಎಂದು ಸ್ನೇಹಿತರ ಮನೆಯ ಮಾತುಕತೆಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಿಐಎಫ್ ಅಡಿಯಲ್ಲಿ ಆಡುವ ಶಾಲೆ ಆಟದ ಆಧಾರದ ಮೇಲೆ ಶುಲ್ಕದ ನೆರವು ಕೊಡುವಂತಿಲ್ಲ. ನೆರವು ಸಿಗುವುದು ಕುಟುಂಬದ ಅಗತ್ಯದ ಮೇಲೆ, ಅದೂ ಆದಾಯ ತೆರಿಗೆಯ ಕಾಗದಗಳು, ಮನೆಯ ಸಾಲ, ಉಳಿತಾಯ ಎಲ್ಲವನ್ನೂ ತೋರಿಸಿ ಅರ್ಜಿ ತುಂಬಿದ ಮೇಲೆ. ಬೇ ಏರಿಯಾದ ಅನೇಕ ಸ್ವತಂತ್ರ ಹೈಸ್ಕೂಲುಗಳ ವಾರ್ಷಿಕ ಶುಲ್ಕ ಈಗ 50 ಸಾವಿರ ಡಾಲರ್ ದಾಟಿದೆ, ಕ್ಯಾಥೊಲಿಕ್ ಶಾಲೆಗಳದು ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಕಡಿಮೆ. ಆಟಕ್ಕಾಗಿ ಇಷ್ಟು ಕಡಿಮೆ ಮಾಡಿಸುತ್ತೇನೆ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ, ಸಂತೋಷಪಡುವುದಕ್ಕಿಂತ ಮೊದಲು ಹುಷಾರಾಗಬೇಕು. ಸಹಿ ಮಾಡುವ ದಾಖಲಾತಿ ಒಪ್ಪಂದವನ್ನು ಕೊನೆಯ ಪುಟದವರೆಗೆ ಓದುವುದೂ ಅಷ್ಟೇ ಮುಖ್ಯ. ನಾವು ಸಹಿ ಮಾಡಿದ ಒಪ್ಪಂದದಲ್ಲಿ, ಗೊತ್ತುಮಾಡಿದ ದಿನಾಂಕದ ನಂತರ ಮಗು ಶಾಲೆ ಬಿಟ್ಟರೂ ಇಡೀ ವರ್ಷದ ಶುಲ್ಕವನ್ನು ಕಟ್ಟಬೇಕೆಂದಿತ್ತು. ಕೋಚ್ ಕೆಲಸ ಬಿಟ್ಟು ಹೋದರೆ ಏನು ಎಂಬ ಷರತ್ತು ಯಾವ ಒಪ್ಪಂದದಲ್ಲೂ ಇರುವುದಿಲ್ಲ. ಹೈಸ್ಕೂಲ್ ಕೋಚ್‌ಗಳಲ್ಲಿ ಬಹಳಷ್ಟು ಮಂದಿ ಆ ಶಾಲೆಯ ಶಿಕ್ಷಕರಲ್ಲ, ಹೊರಗಿನಿಂದ ಬಂದು ಒಂದು ಋತುವಿಗೆ ಸಂಭಾವನೆ ಪಡೆಯುವವರು. ಅವರು ಮುಂದಿನ ವರ್ಷ ಇರುತ್ತಾರೆಂಬ ಖಾತರಿ ಅವರಿಗೇ ಇರುವುದಿಲ್ಲ.

ಡಿಸೆಂಬರ್‌ನ ರಜೆಯಲ್ಲಿ ಮಗಳು ತಾನೇ ಒಂದು ಕೆಲಸ ಮಾಡಿದಳು. ಅರ್ಜಿ ಹಾಕಲಿದ್ದ ನಾಲ್ಕೂ ಶಾಲೆಗಳ ತಂಡದ ಪಟ್ಟಿಗಳನ್ನು ಹುಡುಕಿ, ಒಂದು ನೋಟ್‌ಬುಕ್ಕಿನ ಎರಡು ಪುಟಗಳಲ್ಲಿ ಸೆಟರ್‌ಗಳ ಹೆಸರುಗಳನ್ನಷ್ಟೇ ಬರೆದುಕೊಂಡಳು. ಪ್ರತಿ ಹೆಸರಿನ ಮುಂದೆ ತರಗತಿ, ಎತ್ತರ, ಇನ್ನೆಷ್ಟು ವರ್ಷ ಇರುತ್ತಾಳೆ ಎಂಬ ಲೆಕ್ಕ. ವಾಲಿಬಾಲ್‌ನಲ್ಲಿ ಆರು ಮಂದಿ ಅಂಕಣದಲ್ಲಿದ್ದರೂ ಸೆಟರ್ ಒಬ್ಬಳೇ, ಕೆಲವು ತಂಡಗಳಲ್ಲಿ ಇಬ್ಬರು. ಹೊಡೆಯುವವರಲ್ಲಿ ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರನ್ನು ಇಳಿಸುತ್ತಾರೆ, ಸೆಟರ್‌ಳನ್ನು ಮಾತ್ರ ಸುಲಭಕ್ಕೆ ಬದಲಿಸುವುದಿಲ್ಲ. ಆದ್ದರಿಂದ ಶಾಲೆಯ ತಂಡ ಎಷ್ಟು ಬಲವಾಗಿದೆ ಎಂಬುದಕ್ಕಿಂತ, ಆ ತಂಡದ ಸೆಟರ್ ಯಾವ ತರಗತಿಯಲ್ಲಿದ್ದಾಳೆ ಎಂಬುದು ಅವಳಿಗೆ ಮುಖ್ಯವಾಗಿತ್ತು. ಒಂದು ಶಾಲೆಯ ಹೆಸರಿನ ಮುಂದೆ ಅವಳು ಕೆಂಪು ಶಾಯಿಯಲ್ಲಿ 'ಹತ್ತನೆಯ ತರಗತಿ, ಇನ್ನೂ ಎರಡು ವರ್ಷ' ಎಂದು ಬರೆದು ಅಡಿಗೆರೆ ಎಳೆದಿದ್ದಳು. ಒಂದೇ ಸಾಲಿನ ಉತ್ತರ ಬರೆದ ಕೋಚ್‌ನ ಶಾಲೆ ಅದೇ. ಅದನ್ನು ಪಟ್ಟಿಯಿಂದ ತೆಗೆದೇಬಿಡೋಣ ಎಂದಳು. ನಮ್ಮ ಯಜಮಾನರು, ಶಾಲೆಯನ್ನು ಒಂದು ದಿನ ನೋಡಿ ಬಂದ ಮೇಲೆ ಹೇಳು ಎಂದು ತಡೆದರು.

ಇಲ್ಲಿ ಎಂಟನೆಯ ತರಗತಿಯ ಮಕ್ಕಳು ಒಂದು ದಿನ ಹೈಸ್ಕೂಲಿನ ವಿದ್ಯಾರ್ಥಿಯೊಬ್ಬರ ಜೊತೆ ತರಗತಿಯಿಂದ ತರಗತಿಗೆ ಓಡಾಡುವ ಪದ್ಧತಿ ಇದೆ, ಅದಕ್ಕೆ ಶ್ಯಾಡೋ ಡೇ ಎನ್ನುತ್ತಾರೆ. ಜನವರಿಯಲ್ಲಿ ಹಾಗೆ ಹೋದ ಮಗಳನ್ನು ಸಂಜೆ ಕರೆತರಲು ಹೋದಾಗ ಜಿಮ್‌ನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆದಿತ್ತು. ನಮ್ಮ ಆಟ ಅದಲ್ಲವಾದರೂ ಅರ್ಧ ಗಂಟೆ ಕೂತು ನೋಡಿದೆವು. ಆಡುತ್ತಿದ್ದವರನ್ನಲ್ಲ, ಬೆಂಚಿನ ಕೊನೆಯಲ್ಲಿ ಕೂತಿದ್ದ ಒಬ್ಬ ಹುಡುಗಿಯನ್ನು ನಾನು ನೋಡುತ್ತಿದ್ದೆ. ಅವಳ ಮೊಣಕಾಲಿಗೆ ಪಟ್ಟಿ ಬಿಗಿದಿತ್ತು, ಆ ಋತುವಿನಲ್ಲಿ ಅವಳು ಆಡುವಂತಿರಲಿಲ್ಲ ಎಂಬುದು ಸ್ಪಷ್ಟವಿತ್ತು. ಪ್ರತಿ ಟೈಮ್‌ಔಟ್‌ನಲ್ಲೂ ಅವಳು ಕುಂಟುತ್ತಾ ಎದ್ದು ಬಂದು ವೃತ್ತದೊಳಗೆ ನಿಲ್ಲುತ್ತಿದ್ದಳು, ಅವಳು ಬಂದು ಸೇರುವವರೆಗೂ ಕೋಚ್ ಮಾತು ಶುರುಮಾಡುತ್ತಿರಲಿಲ್ಲ. ಪಂದ್ಯ ಮುಗಿದಾಗ ಶಾಲೆಯ ಅಥ್ಲೆಟಿಕ್ ಟ್ರೇನರ್ ಮಂಜುಗಡ್ಡೆಯ ಚೀಲ ತಂದು ಅವಳ ಪಕ್ಕದಲ್ಲೇ ಕೂತರು. ಆಟವಾಡುವ ಮಗುವಿನ ತಾಯಿಗೆ ಶಾಲೆಯೊಂದರ ಬಗ್ಗೆ ತಿಳಿಯಬೇಕಾದದ್ದರಲ್ಲಿ ಬಹಳಷ್ಟು ಆ ಅರ್ಧ ಗಂಟೆಯಲ್ಲಿ ನನಗೆ ತಿಳಿಯಿತು. ಟ್ರೋಫಿಗಳ ಗಾಜಿನ ಕಪಾಟು ಎಲ್ಲ ಶಾಲೆಯಲ್ಲೂ ಇರುತ್ತದೆ.

ಮಗಳು ಅವತ್ತು ತನ್ನ ಜೊತೆಗಿದ್ದ ಹನ್ನೊಂದನೆಯ ತರಗತಿಯ ಹುಡುಗಿಗೆ ಕೇಳಿದ ಪ್ರಶ್ನೆಯೂ ನಮಗೆ ಹೊಳೆದಿರಲಿಲ್ಲ: ದೂರದ ಊರಿನಲ್ಲಿ ಪಂದ್ಯವಿದ್ದ ದಿನ ತಪ್ಪಿಹೋದ ಗಣಿತದ ಪಾಠವನ್ನು ಯಾರು ಹೇಳಿಕೊಡುತ್ತಾರೆ? ಪಂದ್ಯದ ದಿನ ಕೊನೆಯ ಪಿರಿಯಡ್ ತಪ್ಪುವುದು ಸಾಮಾನ್ಯ, ಅದಕ್ಕೇ ಆಟಗಾರರು ಆ ಪಿರಿಯಡ್‌ಗೆ ಕಷ್ಟದ ವಿಷಯ ಬಾರದಂತೆ ವೇಳಾಪಟ್ಟಿ ಕೇಳಿ ಹಾಕಿಸಿಕೊಳ್ಳುತ್ತಾರೆ, ಉಳಿದದ್ದಕ್ಕೆ ಶಿಕ್ಷಕರು ಬೆಳಿಗ್ಗೆ ಬೇಗ ಬರುತ್ತಾರೆ ಎಂದು ಆ ಹುಡುಗಿ ವಿವರವಾಗಿ ಹೇಳಿದಳಂತೆ. ಇಷ್ಟು ಸ್ಪಷ್ಟವಾದ ಉತ್ತರ ಯಾವ ಮಾಹಿತಿ ಪುಸ್ತಿಕೆಯಲ್ಲೂ ನಮಗೆ ಸಿಕ್ಕಿರಲಿಲ್ಲ.

ಇನ್ನು ಕಾಲೇಜಿನ ಮಾತು. ಖಾಸಗಿ ಹೈಸ್ಕೂಲಿನ ಬಲವಾದ ತಂಡಕ್ಕೆ ಸೇರಿಸಿದರೆ ಕಾಲೇಜಿನ ಕೋಚ್‌ಗಳ ಕಣ್ಣಿಗೆ ಮಗು ಬೀಳುತ್ತದೆ ಎಂಬ ಆಸೆಯೇ ಅನೇಕರನ್ನು ಈ ದಾರಿಗೆ ತರುತ್ತದೆ. ಇದು ಆಟವನ್ನು ಅವಲಂಬಿಸಿದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೈಸ್ಕೂಲ್ ತಂಡವೇ ಮುಖ್ಯ ವೇದಿಕೆ. ದಕ್ಷಿಣ ಕ್ಯಾಲಿಫೋರ್ನಿಯಾದ ಮೇಟರ್ ಡೇ, ಸೇಂಟ್ ಜಾನ್ ಬಾಸ್ಕೋದಂಥ ಶಾಲೆಗಳ ಪಂದ್ಯಗಳಿಗೆ ಕಾಲೇಜುಗಳ ಕಣ್ಣು ಸದಾ ಇರುತ್ತದೆ. ವಾಲಿಬಾಲ್‌ನಲ್ಲಿ ಹಾಗಲ್ಲ. ಹುಡುಗಿಯರ ಹೈಸ್ಕೂಲ್ ಋತು ನಡೆಯುವ ಆಗಸ್ಟ್‌ನಿಂದ ನವೆಂಬರ್‌ವರೆಗಿನ ಕಾಲದಲ್ಲೇ ಕಾಲೇಜುಗಳ ಋತುವೂ ನಡೆಯುತ್ತದೆ, ಅಲ್ಲಿನ ಕೋಚ್‌ಗಳಿಗೆ ಹೈಸ್ಕೂಲ್ ಜಿಮ್‌ಗಳನ್ನು ಸುತ್ತಲು ಪುರಸೊತ್ತು ಕಡಿಮೆ. ಅವರು ಮಕ್ಕಳನ್ನು ಹೆಚ್ಚಾಗಿ ನೋಡುವುದು ಚಳಿಗಾಲದಿಂದ ಬೇಸಿಗೆಯವರೆಗೆ ನಡೆಯುವ ಕ್ಲಬ್ ಟೂರ್ನಿಗಳಲ್ಲಿ, ಒಂದೇ ಸೂರಿನಡಿ ಹತ್ತಾರು ಅಂಕಣಗಳಲ್ಲಿ ನೂರಾರು ತಂಡಗಳು ಆಡುವ ಕಡೆ. ಹಾಗಿರುವಾಗ ನಮ್ಮ ಮಗಳ ಮಟ್ಟಿಗೆ ಹೈಸ್ಕೂಲಿನ ಆಯ್ಕೆ ಕಾಲೇಜಿನ ರಿಕ್ರೂಟಿಂಗ್‌ಗೆ ಅಷ್ಟಾಗಿ ಸಂಬಂಧಿಸಿದ್ದೇ ಅಲ್ಲ. ಇದು ತಿಳಿದ ದಿನ ನನ್ನ ತಲೆಯ ಮೇಲಿನ ಒಂದು ಭಾರ ಇಳಿಯಿತು.

ಸಂಖ್ಯೆಗಳನ್ನೂ ಒಮ್ಮೆ ನೋಡಬೇಕು. ದೇಶದಲ್ಲಿ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಹುಡುಗಿಯರು ಹೈಸ್ಕೂಲ್ ವಾಲಿಬಾಲ್ ಆಡುತ್ತಾರೆ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೂರು ಹಂತಗಳಲ್ಲಿ ಅತಿ ಮೇಲಿನದಾದ ಡಿವಿಷನ್ ಒಂದರಲ್ಲಿರುವ ಮಹಿಳಾ ವಾಲಿಬಾಲ್ ತಂಡಗಳು ಸುಮಾರು 350. ಹಿಂದೆ ಅಲ್ಲಿ ತಂಡಕ್ಕೆ 12 ವಿದ್ಯಾರ್ಥಿವೇತನಗಳ ಮಿತಿ ಇತ್ತು. 2025ರ ಜೂನ್‌ನಲ್ಲಿ ನ್ಯಾಯಾಲಯ ಅಂಗೀಕರಿಸಿದ, ಕಾಲೇಜು ಆಟಗಾರರಿಗೆ ಹಣ ಕೊಡುವ ಕುರಿತಾದ ಹೌಸ್ ಪ್ರಕರಣದ ಒಪ್ಪಂದದ ನಂತರ ಅದಕ್ಕೆ ಬದಲಾಗಿ, ಒಪ್ಪಂದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ತಂಡಕ್ಕೆ ಗರಿಷ್ಠ 18 ಆಟಗಾರ್ತಿಯರು ಎಂಬ ಮಿತಿ ಬಂದಿದೆ, ಅವರಿಗೆ ಎಷ್ಟು ಹಣ ಕೊಡಬೇಕೆಂಬುದು ಆ ಕಾಲೇಜಿನ ಶಕ್ತಿಗೆ ಬಿಟ್ಟದ್ದು. ಅದರಲ್ಲೂ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವ ಅನುಭವಿ ಆಟಗಾರ್ತಿಯರು ಈಗ ಬಹಳ, ಹೈಸ್ಕೂಲಿನಿಂದ ನೇರವಾಗಿ ಬರುವವರಿಗೆ ಉಳಿಯುವ ಜಾಗ ಇನ್ನೂ ಕಡಿಮೆ. ನಾಲ್ಕು ವರ್ಷ ಖಾಸಗಿ ಶಾಲೆಗೆ ಎರಡು ಲಕ್ಷ ಡಾಲರ್ ಕಟ್ಟಿ, ಅದು ಕಾಲೇಜಿನಲ್ಲಿ ವಿದ್ಯಾರ್ಥಿವೇತನವಾಗಿ ಹಿಂದಿರುಗುತ್ತದೆ ಎಂದು ಲೆಕ್ಕ ಹಾಕುವವರಿಗೆ ನಾನು ಕೈಮುಗಿದು ಹೇಳುವುದು, ಆ ಲೆಕ್ಕದ ಮೇಲೆ ಮಗುವಿನ ಶಾಲೆಯನ್ನು ನಿರ್ಧರಿಸಬೇಡಿ.

ಡಿವಿಷನ್ ಒಂದರ ಕೋಚ್‌ಗಳು ವಾಲಿಬಾಲ್ ಮತ್ತು ಇನ್ನೂ ಅನೇಕ ಆಟಗಳಲ್ಲಿ, ಮಗು ಹತ್ತನೆಯ ತರಗತಿ ಮುಗಿಸಿದ ಮೇಲೆ ಬರುವ ಜೂನ್ 15ರವರೆಗೆ ಆ ಮಗುವಿನೊಡನೆ ಆಯ್ಕೆಯ ಮಾತು ಆಡುವಂತೆಯೇ ಇಲ್ಲ. ಹೀಗಿರುವಾಗ ಎಂಟನೆಯ ತರಗತಿಯ ಮಗುವಿಗೆ, ಇಲ್ಲಿ ಸೇರಿದರೆ ಡಿವಿಷನ್ ಒಂದು ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಲು ಆಧಾರವೇ ಇಲ್ಲ. ಡಿವಿಷನ್ ಮೂರರ ಕಾಲೇಜುಗಳೂ ಐವಿ ಲೀಗ್‌ನ ಎಂಟು ವಿಶ್ವವಿದ್ಯಾಲಯಗಳೂ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಅಲ್ಲಿಯೂ ನಾನು ಜಿಮ್ ಬಾಗಿಲಲ್ಲಿ ಕಲಿತ ಪಾಠವೇ ಇದೆ ಎಂಬುದು ಆಮೇಲೆ ತಿಳಿಯಿತು. ಐವಿ ಲೀಗ್‌ನಲ್ಲಿ ಕೋಚ್ ಎಷ್ಟೇ ಬೆಂಬಲ ಕೊಟ್ಟರೂ ಪ್ರವೇಶ ಕೊಡುವ ಅಧಿಕಾರ ಪ್ರವೇಶ ಕಚೇರಿಗೆ ಮಾತ್ರ, ಪ್ರವೇಶ ಸಿಗುವ ಸಂಭವ ಹೆಚ್ಚೆಂದು ಮುಂಗಡವಾಗಿ ತಿಳಿಸುವ ಪತ್ರವೂ ಆ ಕಚೇರಿಯಿಂದಲೇ ಬರಬೇಕು.

ಶಾಲೆಯ ಬಗ್ಗೆ ತಪ್ಪದೆ ಪರಿಶೀಲಿಸಬೇಕಾದ ಒಂದು ಸಂಗತಿ ಇದ್ದರೆ ಅದು ಪಾಠಗಳದ್ದು. ಡಿವಿಷನ್ ಒಂದರಲ್ಲಿ ಆಡಬೇಕಾದರೆ ಹೈಸ್ಕೂಲಿನಲ್ಲಿ ಎನ್‌ಸಿಎಎ ಒಪ್ಪಿದ 16 ಮೂಲ ಪಾಠಗಳನ್ನು ಮುಗಿಸಿ, ಅವುಗಳಲ್ಲಿ ನಾಲ್ಕಕ್ಕೆ ಕನಿಷ್ಠ 2.3 ಸರಾಸರಿ ಪಡೆದಿರಬೇಕು. ಹದಿನಾರರಲ್ಲಿ 10 ಪಾಠಗಳು ಹನ್ನೆರಡನೆಯ ತರಗತಿ ಆರಂಭವಾಗುವ ಮುನ್ನವೇ ಮುಗಿದಿರಬೇಕು, ಆ ಹತ್ತರಲ್ಲಿ 7 ಇಂಗ್ಲಿಷ್, ಗಣಿತ ಅಥವಾ ವಿಜ್ಞಾನದವಾಗಿರಬೇಕು. ಯಾವ ಶಾಲೆಯ ಯಾವ ಪಾಠ ಒಪ್ಪಿತವಾಗಿದೆ ಎಂಬ ಪಟ್ಟಿಯನ್ನು ಎನ್‌ಸಿಎಎಯ ಅರ್ಹತಾ ಕೇಂದ್ರವೇ ಪ್ರಕಟಿಸುತ್ತದೆ. ಹೊಸದಾಗಿ ತೆರೆದ ಶಾಲೆ, ಬಹುಪಾಲು ಆನ್‌ಲೈನ್ ಪಾಠ ಮಾಡುವ ಶಾಲೆ, ಅಥವಾ ಪಾಠಗಳಿಗೆ ತನ್ನದೇ ವಿಶಿಷ್ಟ ಹೆಸರುಗಳನ್ನು ಇಟ್ಟಿರುವ ಶಾಲೆಯಾದರೆ ಈ ಪಟ್ಟಿಯನ್ನು ಅರ್ಜಿ ಹಾಕುವ ಮೊದಲೇ ನೋಡುವುದು ಒಳ್ಳೆಯದು.

ಮಗುವನ್ನು ಎಂಟನೆಯ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸಿದರೆ ಎತ್ತರವೂ ಬಲವೂ ಹೆಚ್ಚಿ ಆಟಕ್ಕೆ ಅನುಕೂಲ ಎಂಬ ಸಲಹೆಯನ್ನು ನಮಗೂ ಒಬ್ಬರು ಕೊಟ್ಟರು. ಒಂಬತ್ತನೆಯ ತರಗತಿಗೆ ಸೇರಿದ ದಿನದಿಂದ ಸತತ ಎಂಟು ಸೆಮಿಸ್ಟರ್‌ಗಳವರೆಗೆ ಮಾತ್ರ ಸಿಐಎಫ್‌ನಲ್ಲಿ ಅರ್ಹತೆ, ಜೊತೆಗೆ ವಯಸ್ಸಿನ ಮಿತಿಯೂ ಇದೆ. ಆದರೆ ನನಗೆ ಆ ನಿಯಮಗಳಿಗಿಂತ ಮುಖ್ಯವಾಗಿ ಕಂಡದ್ದು, ಓದಿನಲ್ಲಿ ಚುರುಕಾಗಿರುವ ಹುಡುಗಿಯನ್ನು ಗೆಳತಿಯರೆಲ್ಲ ಮುಂದೆ ಹೋಗುವಾಗ ಹಿಂದೆ ನಿಲ್ಲಿಸುವುದು. ನಾವು ಅದನ್ನು ಚರ್ಚೆಗೂ ಎತ್ತಿಕೊಳ್ಳಲಿಲ್ಲ.

ಮಾರ್ಚ್‌ನಲ್ಲಿ ಪತ್ರಗಳು ಬಂದ ದಿನ ಅವಳು ಮೊದಲು ತೆರೆದದ್ದು ಆ ಜಿಮ್ ಬಾಗಿಲಿನ ಶಾಲೆಯ ಪತ್ರವನ್ನೇ. "ಅಮ್ಮಾ, ಅವರು ನಾನು ಬೇಕು ಅಂದಿದ್ದರಲ್ಲ" ಎಂದಳು. ಆ ಮಾತಿಗೆ ಆ ಹೊತ್ತಿನಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ಒಂದು ಗಂಟೆ ಬಾಗಿಲು ಹಾಕಿಕೊಂಡಿದ್ದು, ಆಮೇಲೆ ಹೊರಗೆ ಬಂದು ಉಳಿದ ಪತ್ರಗಳನ್ನು ತೆರೆದಳು. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದ ಶಾಲೆಯಲ್ಲಿ ಪ್ರವೇಶ ಸಿಕ್ಕಿತ್ತು. ಉತ್ತರ ಕೊಡಲು ಇದ್ದ ಕೆಲವೇ ದಿನಗಳಲ್ಲಿ ವೇಟ್‌ಲಿಸ್ಟ್‌ಗಾಗಿ ಕಾಯುವುದೋ ಬೇಡವೋ ಎಂದು ನಾವು ಮೂವರೂ ಮೂರು ರಾತ್ರಿ ಮಾತನಾಡಿದೆವು. ಕೊನೆಗೆ ತೀರ್ಮಾನ ಮಾಡಿದವಳು ಅವಳೇ. ಗಣಿತದ ಪಾಠ ಯಾರು ಹೇಳಿಕೊಡುತ್ತಾರೆ ಎಂದು ತನಗೆ ಗೊತ್ತಿರುವ ಶಾಲೆಗೇ ಹೋಗುತ್ತೇನೆ ಎಂದಳು. ಒಪ್ಪಂದಕ್ಕೆ ಸಹಿ ಹಾಕಿದ ಸಂಜೆ, ನಾವು ಯಾರೂ ಹೇಳದಿದ್ದರೂ, ಆ ಮೊದಲ ಕೋಚ್‌ಗೆ ತಾನು ಬೇರೆ ಶಾಲೆಗೆ ಸೇರುತ್ತಿರುವುದಾಗಿಯೂ ತನ್ನ ಆಟವನ್ನು ಮೆಚ್ಚಿಕೊಂಡದ್ದಕ್ಕೆ ಕೃತಜ್ಞಳೆಂದೂ ಇ-ಮೇಲ್ ಬರೆದಳು. ಅದಕ್ಕೆ ಉತ್ತರ ಬರಲಿಲ್ಲ.

ಆಗಸ್ಟ್‌ನ ಟ್ರೈಔಟ್‌ನಲ್ಲಿ ಅವಳನ್ನು ಜೆವಿ ತಂಡಕ್ಕೆ, ಅಂದರೆ ಶಾಲೆಯ ಎರಡನೆಯ ತಂಡಕ್ಕೆ ಹಾಕಿದರು. ಮುಖ್ಯ ತಂಡವಾದ ವಾರ್ಸಿಟಿಯ ಸೆಟರ್, ಅವಳ ನೋಟ್‌ಬುಕ್ಕಿನ ಆ ಹುಡುಗಿ, ಅಭ್ಯಾಸ ಮುಗಿದ ಮೇಲೆ ಹದಿನೈದು ನಿಮಿಷ ನಿಂತು ಇವಳಿಗೆ ಹಿಂದಕ್ಕೆ ಸೆಟ್ ಮಾಡುವಾಗ ಭುಜವನ್ನು ತಿರುಗಿಸದಿರುವುದನ್ನು ಹೇಳಿಕೊಡುತ್ತಿದ್ದಳು. ಸೆಪ್ಟೆಂಬರ್ ಕೊನೆಯಲ್ಲಿ ಮೊದಲ ಶಾಲೆಯ ವಿರುದ್ಧ, ಅವರದೇ ಜಿಮ್‌ನಲ್ಲಿ ಪಂದ್ಯವಿತ್ತು. ಮೂರನೆಯ ಸೆಟ್‌ನಲ್ಲಿ ನಮ್ಮವರು ಸೋತರು. ಎರಡೂ ತಂಡಗಳು ನೆಟ್‌ನ ಕೆಳಗೆ ಕೈ ತಟ್ಟಿ ಮುಗಿಸಿದ ಮೇಲೆ, ವಾರ್ಸಿಟಿ ಪಂದ್ಯಕ್ಕೆ ಸಿದ್ಧತೆ ಮಾಡಿಸುತ್ತಿದ್ದ ಆ ಕೋಚ್ ಅಂಕಣದ ಆ ಬದಿಯಿಂದ ನಡೆದು ಬಂದು, ಅವಳ ಹೆಸರು ಹಿಡಿದು ಕರೆದು, ಎಡಗೈಯಲ್ಲಿ ಎರಡನೆಯ ಸ್ಪರ್ಶದಲ್ಲೇ ಚೆಂಡನ್ನು ನೆಟ್‌ನ ಆಚೆ ಇಳಿಸಿದ ಆ ಪಾಯಿಂಟ್ ಬಹಳ ಚೆನ್ನಾಗಿತ್ತು ಎಂದರು. ಇ-ಮೇಲ್ ತಲುಪಿತ್ತು, ಉತ್ತರ ಬರೆಯುವುದು ಸರಿಯೋ ತಪ್ಪೋ ತಿಳಿಯದೆ ಸುಮ್ಮನಾದೆ ಎಂದೂ ಹೇಳಿದರು. ಅವಳು "ಥ್ಯಾಂಕ್ಯೂ, ಕೋಚ್" ಎಂದು ಹೇಳಿ, ಚೆಂಡುಗಳ ಚೀಲವನ್ನು ಹೆಗಲಿಗೇರಿಸಿಕೊಂಡು ತನ್ನ ತಂಡದ ಬಸ್ಸಿನ ಕಡೆ ಓಡಿದಳು.